ಕಾಲರಿನೊಳಗಿನ ಹೆಸರು

ನಕಾಶೆಯಲ್ಲಿ ಮೂರನೆಯ ಗುಂಡುಸೂಜಿಯನ್ನೂ ನ್ಯೂರೆಂಬರ್ಗಿಗೇ ಚುಚ್ಚಿ ತಿರುಗಿದರೆ, ಬಾಗಿಲಲ್ಲಿ ವೇದಾ.

"ಯಾರ್ರೀ ಅವಳು?"

ತಿರುಮಲೇಶ ನಕಾಶೆ ಮಡಚಲು ನೋಡಿದ. ಸೂಜಿಗಳು ಬಿಡಲಿಲ್ಲ.

"ಅವಳಲ್ಲ ಕಣೆ, ಅವನು."

"ಶನಿವಾರ ಬಂದ್ರೆ ಪೋಸ್ಟಾಫೀಸು. ಇಡೀ ಜರ್ಮನಿಯ ಟೆಲಿಫೋನ್ ಡೈರೆಕ್ಟರಿ ಮಗುಚಿ ಹಾಕೋದು." ವೇದಾ ಮೂಗು ಹಿಡಿದು, ಕೌಂಟರಿನ ದಪ್ಪ ಹೆಂಗಸಿನ ದನಿ ತೆಗೆದಳು. "'ಹೆರ್ ಡಾಕ್ಟರ್, ಇವತ್ತು ಏನು ಕೊಡಲಿ? ಹ್ಯಾಂಬರ್ಗ್ ಬಿಸಿಬಿಸಿ ಇದೆ, ಬ್ರೆಮೆನ್ ಖಾಲಿ!' ನಗಬೇಡಿ. ಆ ಚೀಟಿ ಕೊಡಿ ಇಲ್ಲಿ."

ಚೀಟಿಯಲ್ಲಿದ್ದದ್ದು ಒಂದೇ ಹೆಸರು: ವಿಕ್ಟರ್ ಮ್ಸ್ತಿಬ್ರೋಡ್. ಒತ್ತಕ್ಷರಕ್ಕೆ ಅಂಜದ ಮೈಸೂರಿನ ನಾಲಗೆಯೂ ಅಲ್ಲಿ ಎಡವಿತು.

"ಮ್... ಇದೇನ್ರೀ, ಹೆಸರೋ ಕೆಮ್ಮೋ?"

ಹೆಸರಿನ ಬಗ್ಗೆ ಕೇಳಿದ್ದರೆ ತಿರುಮಲೇಶ ಒಂದು ಗಂಟೆ ಮಾತಾಡಬಲ್ಲವನಾಗಿದ್ದ. ಲೋಹಶಾಸ್ತ್ರದ ಡಾಕ್ಟರು; ಆದರೂ ಎರಡು ವರ್ಷದಿಂದ ಅಗೆದದ್ದು ಇದನ್ನೇ. ಸ್ಲಾವ್ ಮೂಲದ, ಬಲು ಅಪರೂಪದ ಮನೆತನದ ಹೆಸರು. ಬ್ರೋಡ್ ಎಂದರೆ ಹೊಳೆ ದಾಟುವ ಜಾಗವೆಂದು ಪ್ರೊಫೆಸರರೊಬ್ಬರು ಬರೆದು ತಿಳಿಸಿದ್ದರು. ಯುದ್ಧಕ್ಕೆ ಮುಂಚಿನ ಡೈರೆಕ್ಟರಿಗಳಲ್ಲಿ ಒಂದೇ ಮನೆ, ಪೂರ್ವದ ಪುಟ್ಟ ಊರೊಂದರಲ್ಲಿ: ವಿಕ್ಟರ್ ಮ್ಸ್ತಿಬ್ರೋಡ್, ಪಶುವೈದ್ಯ. ಈಗ, ೧೯೭೬ರಲ್ಲಿ, ಪಶ್ಚಿಮ ಜರ್ಮನಿಯಲ್ಲೆಲ್ಲ ಮೂರೇ ಸಾಲು. ಮೂರೂ ನ್ಯೂರೆಂಬರ್ಗ್. ಒಬ್ಬ ವಿಕ್ಟರ್, ಇಬ್ಬರು ಅವನ ಮಕ್ಕಳಿರಬೇಕು. ಪಶುವೈದ್ಯ ಎಲ್ಲವನ್ನೂ ಬಿಟ್ಟು ಪಶ್ಚಿಮಕ್ಕೆ ಓಡಿಬಂದವನು, ಪಾಪ. ಅಂಥವನದ್ದನ್ನೇ...

ತಿರುಮಲೇಶ ಗೂಟದಿಂದ ತನ್ನ ಕರಿ ಕೋಟನ್ನು ತಂದು ಕಾಲರು ತಿರುಗಿಸಿದ. ಬಿಳಿ ಪಟ್ಟಿಯ ಮೇಲೆ ಕೆಂಪು ದಾರದಲ್ಲಿ ಅದೇ ಹೆಸರು ಹೊಲಿದಿತ್ತು.

"ಸೇಲ್‌ನಲ್ಲಿ ತಗೊಂಡೆ ಅಂದಿದ್ರಲ್ಲ?"

"ಕದ್ದೆ."

ಅರವತ್ತೆರಡರ ಡಿಸೆಂಬರ್. ಮೈಮೇಲೆ ಅಮ್ಮ ಹೆಣೆದ ಸ್ವೆಟರ್ ಒಂದೇ. ಓದುತ್ತಿದ್ದ ಆಖೆನ್ ಊರಿನ ಮೆನ್ಸಾದಲ್ಲಿ, ಅಂದರೆ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ, ಉಂಡು ಎದ್ದಾಗ ಗೂಟದಲ್ಲಿ ಈ ಕೋಟು ನೇತಾಡುತ್ತಿತ್ತು. ಆರಡಿಯ ತಿರುಮಲೇಶನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ದೇವಸ್ಥಾನದ ಹೊರಗೆ ಚಪ್ಪಲಿ ಅದಲುಬದಲಾಗುವುದಿಲ್ಲವೇ ಎಂದು ತನಗೇ ಹೇಳಿಕೊಂಡ. ಆದರೆ ಅದಲಿಗೆ ಅವನು ಬಿಟ್ಟುಬಂದ ಬದಲು ಏನೂ ಇರಲಿಲ್ಲ. ಕೋಟನ್ನು ಸುತ್ತಿ ಕಂಕುಳಲ್ಲಿಟ್ಟು ಕಂಬದ ಹಿಂದೆ ನಿಂತಾಗ ಕಂಡದ್ದು ಒಂದು ಬೆನ್ನು ಮಾತ್ರ. ಕಾವಲಿನವನು "ದೂರು ಬರೆದುಕೊಡಿ" ಎನ್ನುತ್ತಿದ್ದ. ಆ ಬೆನ್ನು ಬೇಡವೆಂದು ತಲೆಯಾಡಿಸಿ, ಬರೀ ಅಂಗಿಯಲ್ಲಿ ಹಿಮದೊಳಗೆ ನಡೆದುಹೋಯಿತು.

ಗೆಳೆಯರು ಅವನನ್ನು 'ಕೋಟಾಧೀಶ' ಎಂದು ಕರೆದರು. ಅವನೂ ನಕ್ಕ. ಹನ್ನೆರಡು ಚಳಿಗಾಲ ನಕ್ಕ.

ನಗು ನಿಂತದ್ದು ಎರಡು ವರ್ಷದ ಹಿಂದೆ. ಮಗಳು ಉಷಾ ಗೆಳತಿಯ ಪೆನ್ಸಿಲ್ ಡಬ್ಬಿ ಎತ್ತಿಕೊಂಡು ಬಂದಿದ್ದಳು. ಅಪ್ಪ ಅವಳನ್ನು ಕ್ಲಾಸಿನ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸಿದ್ದ. "ವಾರುಮ್?" ಎಂದು ಏಳು ವರ್ಷದವಳು ಅತ್ತಿದ್ದಳು, ಯಾಕೆ ಅಂತ. "ಯಾಕೇಂದ್ರೆ ನಮ್ಮ ಮನೆಯಲ್ಲಿ ಯಾರೂ ಕದಿಯಲ್ಲ," ಎಂದಿದ್ದ ಅಪ್ಪ, ಇದೇ ಕೋಟು ತೊಟ್ಟುಕೊಂಡು.

ವೇದಾ ಕೋಟನ್ನು ಕೈಗೆ ತೆಗೆದುಕೊಂಡು ಕಾಲರನ್ನು ಮತ್ತೆ ಒಳಕ್ಕೆ ಮಡಚಿದಳು.

"ಉಷಾಗೆ ಹೇಳ್ತೀರಾ?"

"ಕೊಟ್ಟು ಬರ್ತೀನಿ. ಬಂದು ಹೇಳ್ತೀನಿ."

ನ್ಯೂರೆಂಬರ್ಗಿನ ರೈಲಿನಲ್ಲಿ ಕೋಟನ್ನು ತೊಡಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ನಡುಗಿದ. ಕ್ಷಮೆಯನ್ನು ತಾಲೀಮು ಮಾಡಿದ. ವಕೀಲನ ದನಿಯಲ್ಲಿ ಹೇಳಿಕೊಂಡರೆ ಸುಳ್ಳೆನಿಸಿತು, ಹರಿಕಥೆ ದಾಸರ ದನಿಯಲ್ಲಿ ಇನ್ನೂ ಸುಳ್ಳೆನಿಸಿತು. ಕೊನೆಗೆ ಉಳಿದದ್ದು ಕ್ಲಾಸಿನ ಮುಂದೆ ನಿಂತ ಉಷಾಳ ದನಿ.

ಬಾಗಿಲು ತೆರೆದ ಮುದುಕ ತಿರುಮಲೇಶನ ಎದೆಮಟ್ಟಕ್ಕಿದ್ದ. ಮೊದಲು ನೋಡಿದ್ದು ಕೋಟನ್ನು. ಆಮೇಲೆ ಮುಖವನ್ನು. ಮುದುಕನ ಬಣ್ಣ ಇಳಿದುಹೋಯಿತು. ಒಳಗೆ ಮೊಮ್ಮಕ್ಕಳ ಗಲಾಟೆ ಕೇಳುತ್ತಿತ್ತು. ಮುದುಕ ಹೊರಗೆ ಬಂದು ಬಾಗಿಲು ಎಳೆದುಕೊಂಡ.

"ಮೆಲ್ಲಗೆ ಮಾತಾಡಿ. ಮಕ್ಕಳಿಗೆ ಗೊತ್ತಿಲ್ಲ."

ನನ್ನ ಮಾನ ಕಾಯುತ್ತಿದ್ದಾನೆ ಎಂದುಕೊಂಡ ತಿರುಮಲೇಶ. "ನನ್ನ ಮಗಳಿಗೂ ಗೊತ್ತಿಲ್ಲ. ನೀವು... ಪಶುವೈದ್ಯರಲ್ಲವೇ?"

"ನಾನು ಬೇಕರಿಯವನು. ಮೊದಲು ಆಖೆನ್ನಿನ ಮೆನ್ಸಾದಲ್ಲಿ, ಆಮೇಲೆ ಇಲ್ಲಿ." ಮುಂಗೈ ತುಂಬ ಹಳೆಯ ಸುಟ್ಟ ಕಲೆಗಳಿದ್ದವು. "ಈ ಕೋಟಿನ ಬೆನ್ನು ಹತ್ತಿ ಒಂದು ದಿನ ಯಾರಾದರೂ ಬಂದೇ ಬರುತ್ತಾರೆ ಅಂತ ಗೊತ್ತಿತ್ತು. ಮೂವತ್ತು ವರ್ಷದಿಂದ ಕಾಯುತ್ತಿದ್ದೇನೆ."

ಕಳೆದು ಹದಿನಾಲ್ಕೇ ವರ್ಷ. ವಯಸ್ಸಾದವರ ಲೆಕ್ಕ ಎಂದು ತಿರುಮಲೇಶ ಬಿಟ್ಟುಬಿಟ್ಟ. ಎರಡೂ ಕೈಯಲ್ಲಿ ಕೋಟನ್ನು ಮುಂದೆ ಚಾಚಿದ.

"ಕದ್ದವನು ನಾನು. ಮೆನ್ಸಾದಲ್ಲಿ. ಚಳಿಯಿತ್ತು, ಆದರೆ ಅದು ನೆಪ. ನೀವು ಹಿಮದಲ್ಲಿ ಹೋದದ್ದನ್ನು ನೋಡಿಯೂ ಸುಮ್ಮನಿದ್ದೆ. ಕ್ಷಮಿಸಿ."

ಮುದುಕ ಕೋಟು ತೆಗೆದುಕೊಳ್ಳಲಿಲ್ಲ. ಅವನ ಕಣ್ಣು ತೇವವಾಗಿತ್ತು. ತಿರುಮಲೇಶ ತಲೆ ತಗ್ಗಿಸಿದ.

"ಅವತ್ತೇ ದೂರು ಕೊಡಬಹುದಿತ್ತಲ್ಲ?"

"ಯಾವ ಹೆಸರಿನಲ್ಲಿ ಕೊಡಲಿ?"

ಮುದುಕ ಕಾಲರು ತಿರುಗಿಸಿ, ಕೆಂಪು ದಾರದ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ.

"ನಲವತ್ತೈದರಲ್ಲಿ ನಾನೂ ಇದನ್ನು ಯಾರದೋ ಗೂಟದಿಂದಲೇ ಎತ್ತಿಕೊಂಡೆ," ಎಂದ. "ಗಡಿಯಲ್ಲಿ ಹೆಸರು, ಕಾಗದಪತ್ರ ಕೇಳಿದಾಗ ಕಾಲರು ತಿರುಗಿಸಿ ತೋರಿಸಿದೆ."