ಹೊಲದ ನಡುವಿನ ಬಾಗಿಲು

ಅರ್ಧ ತಾಸಾದರೂ ಪರದೆಯ ಮೇಲೆ ಅದೇ ಜೋಳದ ಹೊಲ. ಹೊಲದ ನಡುವೆ ಚೌಕಟ್ಟು ಸಮೇತ ಒಂದು ಬಾಗಿಲು. ಮನೆಯಿಲ್ಲ, ಗೋಡೆಯಿಲ್ಲ. ಬಂದವರು ಬಾಗಿಲು ಬಡಿಯುತ್ತಾರೆ, ಕಾಯುತ್ತಾರೆ, ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ. ಒಳಗೆ ಎಂದರೆ ಆಚೆ ಬದಿಯ ಜೋಳ. ಒಂದು ಎಮ್ಮೆ ಮಾತ್ರ ಬಾಗಿಲಿನ ಗೊಡವೆಗೆ ಹೋಗದೆ ಪಕ್ಕದಿಂದ ಹಾದುಹೋಯಿತು.

"ಇಡೀ ಪಿಚ್ಚರಿನ್ಯಾಗ ಬುದ್ಧಿ ಇರೋದು ಆ ಎಮ್ಮಿಗಿ ಒಂದಕ್ಕ ನೋಡು," ಎಂದು ಸಂಜೀವಕುಮಾರ ಹೆಂಡತಿಯ ಕಿವಿಯಲ್ಲಿ ಹೇಳಿದ.

ವಿದ್ಯಾವತಿ ನಗುವುದಿರಲಿ, ತಿರುಗಿಯೂ ನೋಡಲಿಲ್ಲ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಅವನ ಕಾಮಿಡಿ ವಿಡಿಯೋ ನೋಡದ ಮೊಬೈಲಿಲ್ಲ. ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಸೆಲ್ಫಿಗೆ ಮುಗಿಬೀಳುತ್ತಾರೆ. ಹೆಂಡತಿ ಮಾತ್ರ ಆ ವಿಡಿಯೋಗಳನ್ನು ಮೆಂತ್ಯೆ ಸೊಪ್ಪು ಸೋಸುತ್ತ ನೋಡಿ, ಅರ್ಧಕ್ಕೇ "ಚಂದ ಐತ್ರಿ" ಎಂದು ಎದ್ದುಬಿಡುತ್ತಾಳೆ.

ಈ ಪಿಚ್ಚರ್ ಮಾಳಿಂಗನದು. ಕನ್ನೊಳ್ಳಿಯ ಕುರಿಗಾರರ ಹುಡುಗ. ಹೋದ ವರ್ಷದವರೆಗೂ ಸಂಜೀವಕುಮಾರನ ಕ್ಯಾಮೆರಾ ಹಿಡಿಯುತ್ತಿದ್ದವ. "ಮಂದಿ ಕೇಳಿದ್ದು ಕೊಡಬೇಕಲೇ" ಎಂದು ಬುದ್ಧಿ ಹೇಳಿದರೆ, "ಕೇಳಿದ್ದು ಕೊಡಾಕ ನಾ ಏನ್ ಕಿರಾಣಿ ಅಂಗಡಿ ಇಟ್ಟೇನೇನ್ರಿ ಅಣ್ಣಾರ?" ಎಂದು ಹೊರಟುಹೋಗಿದ್ದ. ಈಗ ಅವನ ಪಿಚ್ಚರ್ ಹಾಕಿದ್ದ ಸಿಂದಗಿಯ ಕಲ್ಯಾಣ ಮಂಟಪದಲ್ಲಿ ಕುರ್ಚಿಗಳು ಒಂದೊಂದೇ ಖಾಲಿಯಾಗುತ್ತಿದ್ದವು. ಎದ್ದುಹೋದ ಒಬ್ಬೊಬ್ಬರನ್ನೂ ಸಂಜೀವಕುಮಾರ ಮನಸ್ಸಿನಲ್ಲೇ ಎಲೆ ಅಡಿಕೆ ಕೊಟ್ಟು ಬೀಳ್ಕೊಟ್ಟ.

"ಏಳು, ಮಿರ್ಚಿ ಬಜಿ ತಿನ್ನೂನು."

"ತಡೀರಿ. ಒಳಗ ಯಾರೋ ಅಳಾಕತ್ತಾರ."

"ಎಲ್ಲಿ ಒಳಗ? ಮನೀನ ಇಲ್ಲಲ್ಲ!"

ಅಷ್ಟರಲ್ಲಿ ಬಾಗಿಲು ತೆರೆಯಿತು. ಹೊಸ್ತಿಲಿನ ಒಳಗೆ ಕಣ್ಣೊರೆಸಿಕೊಳ್ಳುತ್ತಿದ್ದ ಒಬ್ಬ ಮುದುಕಿ, ಹೊರಗೆ ಸಿಟ್ಟಾಗಿ ಹೊರಟು ನಿಂತ ಮಗಳು. ಮುದುಕಿ ಅರಿವೆಯಲ್ಲಿ ಸುತ್ತಿದ ರೊಟ್ಟಿಯನ್ನು ನಿಂತಲ್ಲಿಂದಲೇ ಚಾಚಿದಳು.

"ಏ ಯವ್ವಾ, ಹೊಸ್ತಿಲದಾಗ ನಿಂತು ಕೊಡಬ್ಯಾಡ! ಆಕಿನ್ನ ಒಳಗ ಕರದು ಕೊಡು!"

ಉಳಿದಿದ್ದ ಮಂದಿಯೆಲ್ಲ ತಿರುಗಿ ನೋಡಿದರು. ಕೂಗಿದವನು ಸಂಜೀವಕುಮಾರ. ಯಾವಾಗ ಎದ್ದು ನಿಂತನೋ ಅವನಿಗೇ ತಿಳಿದಿರಲಿಲ್ಲ. ಹಿಂದೆ ಗೋಡೆಗೆ ಆತು ನಿಂತಿದ್ದ ಮಾಳಿಂಗ ನಗಲಿಲ್ಲ. "ಆಕಿ ಕರದ್ರೂ ಮಗಳು ಬರವಲ್ಲಳ್ರಿ ಅಣ್ಣಾರ," ಎಂದ, ನೆರೆಮನೆಯ ಸುದ್ದಿ ಹೇಳುವವನಂತೆ.

ಬಜಿ ಕಟ್ಟಿಸಿಕೊಂಡು ಮನೆ ಸೇರುವವರೆಗೂ ಸಂಜೀವಕುಮಾರ ಬೈಕಿನ ಮೇಲೆ ಒಬ್ಬನೇ ಮಾತಾಡಿದ. ಹುಚ್ಚು ಪಿಚ್ಚರು, ತಲೆಯಿಲ್ಲ ಬಾಲವಿಲ್ಲ, ಯಾರು ನೋಡುತ್ತಾರೆ ಇದನ್ನು. ಹಿಂದೆ ಕುಳಿತ ವಿದ್ಯಾವತಿ ದಾರಿಬದಿಯ ಹೊಲಗಳನ್ನೇ ನೋಡುತ್ತಿದ್ದಳು.

ಬೀಗ ತೆಗೆದು ಒಳಗೆ ಹೋಗಿ ದೀಪ ಹಾಕಿದ. ವಿದ್ಯಾವತಿ ಬಾಗಿಲಾಚೆ ನಿಂತೇ ಇದ್ದಳು, ಪರದೆಯನ್ನು ನೋಡಿದ ಅದೇ ಕಣ್ಣಿನಲ್ಲಿ.

"ತಗೋ, ಆರಿ ಹೋಗ್ತಾವ," ಎಂದು ಹೊಸ್ತಿಲ ಒಳಗಿನಿಂದಲೇ ಬಜಿಯ ಪೊಟ್ಟಣ ಚಾಚಿದ.

ಅವಳು ಕೈ ಚಾಚಲಿಲ್ಲ. ತೆರೆದೇ ಇದ್ದ ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ಬಡಿದು, ಕಾಯುತ್ತ ನಿಂತಳು.