ಅತ್ತೆಯ ಔಷಧಿ ಡಬ್ಬಿ

ಮನೆ ತುಂಬಿಸಿಕೊಂಡ ಮಾರನೆಯ ದಿನವೇ ಅತ್ತೆ ಹೊಸ ಸೊಸೆ ಶರ್ವಾಣಿಯನ್ನು ಅಡುಗೆಮನೆಗೆ ಕರೆದು, ಮೆಡಿಕಲ್ ಶಾಪಿನಿಂದ ತಂದ ಚೀಲವನ್ನು ಕಟ್ಟೆಯ ಮೇಲೆ ಸುರಿದರು. ಪಕ್ಕದಲ್ಲಿ ದೊಡ್ಡ ಸ್ಟೀಲ್ ಡಬ್ಬಿಯೊಂದು ಬಾಯಿ ತೆರೆದುಕೊಂಡಿತ್ತು.

“ಜ್ವರದ ಮಾತ್ರೆ ಡಬ್ಬಿ ತಳಕ್ಕೆ ಹಾಕಮ್ಮ. ಹತ್ತಿ, ಬ್ಯಾಂಡೇಜು ಮೇಲುಗಡೆನೇ ಇರ್ಲಿ, ಕೈಗೆ ಬೇಗ ಸಿಗ್ಬೇಕು.”

ತವರಿನಲ್ಲಿ ತಲೆನೋವಿನ ಮುಲಾಮು ಬಿಟ್ಟರೆ ಬೇರೇನೂ ಕಾಣದ ಶರ್ವಾಣಿಗೆ, ಎಂಥ ಜೋಪಾನದ ಮನೆ ಸೇರಿದೆನಲ್ಲ ಎಂದು ಒಳಗೊಳಗೇ ಹಿಗ್ಗು. ಆದರೂ ಸುಟ್ಟಗಾಯದ ಮುಲಾಮಿನ ಟ್ಯೂಬುಗಳು ಒಂದರ ಹಿಂದೊಂದು ಬರುತ್ತಲೇ ಇದ್ದಾಗ ಸಂಕೋಚ ಬಿಟ್ಟು ಕೇಳಿಯೇಬಿಟ್ಟಳು.

“ಇಷ್ಟೊಂದು ಯಾಕತ್ತೆ? ಮನೇಲಿ ಮಕ್ಕಳೂ ಇಲ್ವಲ್ಲ.”

“ನನ್ನನ್ನೇ ಮಗು ಅನ್ಕೋ,” ಅತ್ತೆ ನಕ್ಕರು. “ಬಚ್ಚಲಲ್ಲಿ ಜಾರ್ತೀನಿ, ಬಾಗಿಲಿಗೆ ಹಣೆ ಚಚ್ಕೋತೀನಿ, ಕುದಿಯೋ ಕಾಫಿ ಮೈಮೇಲೆ ಚೆಲ್ಕೋತೀನಿ. ಅಂಥ ಗಡಿಬಿಡಿ ಹೆಂಗಸು ನಾನು.”

“ಇನ್ಮೇಲೆ ಒಲೆ ಕೆಲಸ ನನಗೆ ಬಿಡಿ. ನೀವು ಆರಾಮಾಗಿರಿ.”

“ಅಮ್ಮಾ!” ಹಜಾರದಿಂದ ಮಗನ ದನಿ ಬಂತು. ಅತ್ತೆಯ ಕೈಯಲ್ಲಿದ್ದ ಟ್ಯೂಬು ಜಾರಿ ಬಿತ್ತು. ಬಾಗಿಲ ಕಡೆಗೇ ನೋಡುತ್ತ ನಿಂತವರು, ದನಿ ಮತ್ತೆ ಬಾರದಿದ್ದಾಗ ನಿಧಾನವಾಗಿ ಉಸಿರು ಬಿಟ್ಟರು.

ಶರ್ವಾಣಿ ಟ್ಯೂಬನ್ನೆತ್ತಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. “ಇದನ್ನ ನಿಮ್ಮ ರೂಮಲ್ಲೇ ಇಡ್ಲಾ ಅತ್ತೆ? ಬೇಕಾದಾಗ ಹತ್ರ ಇರತ್ತೆ.”

“ಬೇಡ, ನಿಮ್ಮ ರೂಮಲ್ಲೇ ಇಟ್ಕೊ ತಾಯಿ,” ಅತ್ತೆ ಅವಳ ಗಲ್ಲ ಸವರಿದರು. “ಮದುವೆ ಆದ್ಮೇಲೆ ನನ್ನ ಮೇಲೆ ಕೈ ಮಾಡಲ್ಲ ಅಂತ ಅವನು ಆಣೆ ಇಟ್ಟಿದ್ದಾನೆ.”