ಕಂಡಕ್ಟರ್ ಪುಟ್ಟಸಿದ್ದನ ಬಸ್ಕಿ

ಭೂಮಿ ಜನರನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದನ್ನು ಬಿಟ್ಟ ಮೇಲೆ, ವಾರವೆಲ್ಲ ಮನೆಯಲ್ಲಿ ಬಸ್ಕಿ ಹೊಡೆದವರಷ್ಟೇ ಭಾನುವಾರ ನೆಲದ ಮೇಲೆ ನಿಲ್ಲುತ್ತಿದ್ದರು. ಮಿಕ್ಕವರು ತೇಲಿಹೋಗಿ, ಸೂರಿಗೆ ತಲೆ ತಾಗಿಸಿಕೊಂಡು ಅಲ್ಲೇ ಕಾಫಿ ಕುಡಿಯುತ್ತಿದ್ದರು.

ಮಂಡ್ಯದ ಬಸ್ ಕಂಡಕ್ಟರ್ ಪುಟ್ಟಸಿದ್ದನ ಮಗಳಿಗೆ ಈ ಭಾನುವಾರ ನಾಮಕರಣ. ಕೂಸನ್ನು ಎತ್ತಿಕೊಂಡು ಕಿವಿಯಲ್ಲಿ ಹೆಸರು ಹೇಳಬೇಕಾದವನು ಅಪ್ಪ. ಆದರೆ ಪಾದ ನೆಲಕ್ಕೆ ತಾಗದವರ ಕೈಗೆ ಕೂಸು ಕೊಡುವವರುಂಟೇ? ಡಬಲ್ ಡ್ಯೂಟಿಯ ನಡುವೆಯೇ ಅವನು ಹಲ್ಲುಜ್ಜುತ್ತ ಬಸ್ಕಿ ಹೊಡೆದ, ಸಾರು ಕುದಿಯುವಷ್ಟರಲ್ಲಿ ದಂಡ ತೆಗೆದ. ಆ ರಭಸಕ್ಕೆ ಮೈಸೂರಿನವರೆಗೂ ಅಡುಗೆಮನೆಯ ಪಾತ್ರೆಗಳು ಅಲ್ಲಾಡಿದವು! ಗುರುವಾರ ಮಾತ್ರ ಡ್ಯೂಟಿ ಮುಗಿಸಿ ಬಂದವನು ಮೊದಲ ಬಸ್ಕಿಗೆಂದು ಕೂತು, ಕೂತಲ್ಲೇ ನಿದ್ದೆ ಹೋದ.

ಭಾನುವಾರ ತೊಟ್ಟಿಲ ಮುಂದೆ ನಿಂತವನ ಪಾದಗಳು ಎರಡು ಬೆರಳು ಮೇಲೆದ್ದವು.

"ಅಳಿಯಂದ್ರೇ, ತೇಲ್ತಾ ಇದ್ದೀರಲ್ಲ! ನನ್ ಮಗನೇ ಎತ್ಕೊಳ್ಳಲಿ ಬಿಡಿ," ಎಂದರು ಅತ್ತೆ.

"ಎಲ್ಲಿ ತೇಲ್ತಿದ್ದೀನಿ? ಆನೆ ಥರ ನಿಂತಿದ್ದೀನಿ ಕಣತ್ತೆ," ಎಂದ ಪುಟ್ಟಸಿದ್ದ. ಹೇಳುವಷ್ಟರಲ್ಲಿ ಇನ್ನೂ ಒಂದು ಬೆರಳು ಏರಿದ.

ಬಾಣಂತಿಯರ ಮೈ ಮೂರು ತಿಂಗಳು ತಾನಾಗಿಯೇ ಭಾರ. ಅವನ ಹೆಂಡತಿ ಚೆಲುವಿ ಹಾಸಿಗೆಯಿಂದ ಎದ್ದು ಬಂದು ಎದುರಿಗೆ ನಿಂತಳು. ಅವನ ಭುಜ ಹಿಡಿದು, ತನ್ನೆರಡೂ ಪಾದಗಳನ್ನು ಅವನ ಪಾದಗಳ ಮೇಲಿಟ್ಟಳು. ಪುಟ್ಟಸಿದ್ದ ಮೆಲ್ಲಗೆ ನೆಲಕ್ಕಿಳಿದ.

"ನೋಯ್ತದಾ?"

"ಹೂಂ. ತೆಗೀಬೇಡ ಕಣೇ."

ಅತ್ತೆ ಗೊಣಗುತ್ತಲೇ ಕೂಸನ್ನು ಅವನ ಕೈಗಿಟ್ಟರು. ಅವನು ಹೆಸರು ಹೇಳಿ ಮುಗಿಸಿ ಎಷ್ಟೋ ಹೊತ್ತಾದರೂ ಚೆಲುವಿ ಪಾದ ತೆಗೆಯಲಿಲ್ಲ.